ಒಂದು ಕಿಂಡಿ, ಎರಡು ದಾರಿ

ಕೆಲವು ತಿಂಗಳ ಹಿಂದೆ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಸಹಾಯಕರೊಬ್ಬರು ಒಂದು ಹಳೆಯ ಸ್ಮಾರ್ಟ್‌ಫೋನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಮ್ಮ ಬಳಿಗೆ ಬಂದರು. ಅದರಲ್ಲಿ ಅವರ ತಾಯಿಯ ದನಿ ಇತ್ತು. ಆ ವೃದ್ಧೆ ಬೀಸುವ ಪದಗಳನ್ನೂ ಸೋಬಾನೆಯ ಪದಗಳನ್ನೂ ಬಲ್ಲವರು; ಊರಿಗೆ ಹೋದಾಗಲೆಲ್ಲ ಮಗ ಎದುರಿಗೆ ಕುಳಿತು ನಲವತ್ತಕ್ಕೂ ಮೇಲ್ಪಟ್ಟು ಹಾಡುಗಳನ್ನು ಆ ಫೋನಿನಲ್ಲಿ ಹಿಡಿದಿಟ್ಟಿದ್ದರು. ತಾಯಿ ಈಗ ಇಲ್ಲ. ಹಾಡುಗಳಿಗೆ ಬೇರೊಂದು ಪ್ರತಿಯೂ ಇರಲಿಲ್ಲ. ಫೋನಾದರೋ ಮುಪ್ಪಿನ ಅಂಚಿಗೆ ಬಂದಿತ್ತು. ಅದರ ವೈ-ಫೈ ಭಾಗ ಎಂದೋ ಕೆಟ್ಟು, ಸಿಮ್ ಕಾರ್ಡನ್ನು ಗುರುತಿಸುವುದನ್ನೂ ಅದು ನಿಲ್ಲಿಸಿತ್ತು. ಆದುದರಿಂದ ಹಾಡುಗಳನ್ನು ಹೊರಕ್ಕೆ ತರಲು ಉಳಿದಿದ್ದ ಬಾಗಿಲು ಒಂದೇ: ಫೋನಿನ ಕೆಳ ಅಂಚಿನಲ್ಲಿ, ಚಾರ್ಜು ಮಾಡಲು ಕೇಬಲ್ಲನ್ನು ಸಿಕ್ಕಿಸತಕ್ಕ ಆ ಪುಟ್ಟ ಕಿಂಡಿ.

“ಕಂಪ್ಯೂಟರಿಗೆ ಸಿಕ್ಕಿಸಿದರೆ ಫೋನು ಚಾರ್ಜಾಗುತ್ತದೆ ಸಾರ್, ಆದರೆ ಕಂಪ್ಯೂಟರಿನಲ್ಲಿ ಅದು ಕಾಣಿಸುವುದೇ ಇಲ್ಲ” ಎಂಬುದು ಅವರ ಅಳಲು. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ, ಒಳಗಿನ ಫಲಕವನ್ನೇ ಬದಲಾಯಿಸಬೇಕು, ಅದರೊಡನೆ ಫೋನಿನಲ್ಲಿರುವುದೆಲ್ಲ ಹೋಗುತ್ತದೆ ಎಂದು ಹೇಳಿ ಕಳುಹಿಸಿದ್ದರಂತೆ. ವಿದ್ಯುತ್ತು ಒಳಕ್ಕೆ ಹೋಗುತ್ತಿದೆ, ಹಾಡು ಹೊರಕ್ಕೆ ಬರುತ್ತಿಲ್ಲ. ಒಂದೇ ಕಿಂಡಿಯಲ್ಲಿ ಒಂದು ಕೆಲಸ ನಡೆದು ಇನ್ನೊಂದು ನಿಲ್ಲುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ, ನಾವು ದಿನವೂ ಕೈಯಿಂದ ಮುಟ್ಟಿಯೂ ಕಣ್ಣಿಟ್ಟು ನೋಡದ ವಸ್ತುವೊಂದರ ಗುಟ್ಟು ತಿಳಿಯುತ್ತದೆ.

ಕೇಬಲ್ಲಿನ ಒಡಲಲ್ಲಿ

ಭೌತಶಾಸ್ತ್ರವನ್ನು ಕಲಿಸುವವರಿಗೆ ಒಂದು ಚಾಳಿ ಉಂಟು. ಅರ್ಥವಾಗದ ವಸ್ತುವನ್ನು ಕಂಡರೆ ಬಿಚ್ಚಿ ನೋಡದೆ ಬಿಡಲಾರರು. ಸಹಾಯಕರ ಒಪ್ಪಿಗೆಯನ್ನು ಪಡೆದು, ಅವರು ತಂದಿದ್ದ ಕೇಬಲ್ಲನ್ನು ನಡುವೆ ಕತ್ತರಿಸಿ ಹೊದಿಕೆಯನ್ನು ಸುಲಿದೆವು. ಒಳಗೆ ಎರಡೇ ತಂತಿಗಳು: ಒಂದು ಕೆಂಪು, ಒಂದು ಕಪ್ಪು. ಅನಂತರ ನಮ್ಮ ಮೇಜಿನ ಖಾನೆಯಲ್ಲಿ ಬಿದ್ದಿದ್ದ, ತುದಿ ಮುರಿದ ಇನ್ನೊಂದು ಕೇಬಲ್ಲನ್ನು ಅದೇ ರೀತಿ ಸುಲಿದೆವು. ಅದರಲ್ಲಿ ನಾಲ್ಕು ತಂತಿಗಳಿದ್ದುವು: ಕೆಂಪು, ಕಪ್ಪು, ಬಿಳಿ, ಹಸುರು, ಅವುಗಳ ಸುತ್ತ ತೆಳುವಾದ ಲೋಹದ ಹಾಳೆಯ ಕವಚ. ಹೊರಗಿನಿಂದ ನೋಡಿದಾಗ ಈ ಎರಡು ಕೇಬಲ್ಲುಗಳಿಗೂ ಕೂದಲೆಳೆಯಷ್ಟು ಭೇದವಿರಲಿಲ್ಲ.

ತೊಡಕಿನ ಒಂದು ಎಳೆ ಇಲ್ಲಿಯೇ ಸಿಕ್ಕಿತು. ಕೆಂಪು ಮತ್ತು ಕಪ್ಪು ತಂತಿಗಳು ವಿದ್ಯುಚ್ಛಕ್ತಿಯ ದಾರಿ. ಅವೆರಡರ ನಡುವೆ 5 ವೋಲ್ಟುಗಳ ವಿಭವಾಂತರವಿರುತ್ತದೆ. ಬಿಳಿ ಮತ್ತು ಹಸುರು ತಂತಿಗಳು ಸಂದೇಶದ ದಾರಿ. ಫೈಲುಗಳೆಲ್ಲ ಸಂಚರಿಸುವುದು ಇವುಗಳಲ್ಲಿಯೇ. ನಮ್ಮ ಬಾಯಿ ಒಂದೇ ಆದರೂ ಅದರ ಹಿಂದೆ ಅನ್ನನಾಳವೂ ಶ್ವಾಸನಾಳವೂ ಬೇರೆ ಬೇರೆಯಾಗಿ ಇಲ್ಲವೆ? ಹಾಗೆಯೇ ಫೋನಿಗೂ ಉಣ್ಣುವ ನಾಳ ಬೇರೆ, ಮಾತನಾಡುವ ನಾಳ ಬೇರೆ. ಚಾರ್ಜು ಮಾಡುವುದಕ್ಕೆ ಮಾತ್ರ ಎಂದು ಅಗ್ಗವಾಗಿ ತಯಾರಾಗುವ ಕೇಬಲ್ಲುಗಳಲ್ಲಿ ತಾಮ್ರವನ್ನು ಉಳಿಸುವುದಕ್ಕಾಗಿ ಬಿಳಿ, ಹಸುರು ತಂತಿಗಳನ್ನು ಬಿಟ್ಟುಬಿಡುವುದುಂಟು. ಅಂಥ ಕೇಬಲ್ಲಿಗೆ ಜೋಡಿಸಿದ ಫೋನು ಹೊಟ್ಟೆ ತುಂಬ ಉಣ್ಣುತ್ತದೆ, ಆದರೆ ಮೂಕವಾಗಿರುತ್ತದೆ.

ಈ ಏರ್ಪಾಟು ಹುಟ್ಟಿದುದು ಫೋನಿಗಾಗಿ ಅಲ್ಲ ಎಂಬುದು ಸ್ವಾರಸ್ಯವಾದ ಸಂಗತಿ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಕಂಪ್ಯೂಟರಿನ ಬೆನ್ನ ಹಿಂದೆ ಕೀಲಿಮಣೆಗೆ ಒಂದು ಬಗೆಯ ಕಿಂಡಿ, ಮುದ್ರಣಯಂತ್ರಕ್ಕೆ ಇನ್ನೊಂದು ಬಗೆ, ಮೋಡೆಮ್ಮಿಗೆ ಮತ್ತೊಂದು ಬಗೆ ಹೀಗೆ ಒಂದು ಜಾತ್ರೆಯೇ ನೆರೆದಿತ್ತು. ಈ ಗೊಂದಲವನ್ನು ನೀಗಲು ಇಂಟೆಲ್, ಐ.ಬಿ.ಎಂ., ಮೈಕ್ರೋಸಾಫ್ಟ್, ಕಾಂಪ್ಯಾಕ್ ಮೊದಲಾದ ಏಳು ಕಂಪನಿಗಳು ಕೂಡಿ, ಯೂನಿವರ್ಸಲ್ ಸೀರಿಯಲ್ ಬಸ್, ಅಂದರೆ ಯು.ಎಸ್.ಬಿ. ಎಂಬ ಒಂದೇ ಪದ್ಧತಿಯನ್ನು 1996ರ ಜನವರಿಯಲ್ಲಿ ಪ್ರಕಟಿಸಿದುವು. ಇದನ್ನು ರೂಪಿಸಿದವರಲ್ಲಿ ಮುಖ್ಯರಾದ ಅಜಯ್ ಭಟ್ ಅವರು ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಇಂಟೆಲ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. ಆಗಿನ ಉದ್ದೇಶ ಸಂದೇಶ ಸಾಗಣೆಯೇ. ಕೀಲಿಮಣೆ, ಮೌಸುಗಳಂಥ ಸಣ್ಣ ಸಾಧನಗಳು ಬದುಕಿಕೊಳ್ಳಲಿ ಎಂದು ಒಂದಿಷ್ಟು ವಿದ್ಯುತ್ತನ್ನೂ ಜೊತೆಗೆ ಕೊಟ್ಟರು. ಹೆಚ್ಚೆಂದರೆ ಅರ್ಧ ಆಂಪಿಯರು, ಅಂದರೆ ಎರಡೂವರೆ ವ್ಯಾಟು. ಅನಂತರ ಜನರು ಇದೇ ಕಿಂಡಿಯಿಂದ ಫೋನುಗಳಿಗೆ ಚಾರ್ಜು ತುಂಬಲು ತೊಡಗಿದರು. ಹೀಗೆ ಪಲ್ಲಕ್ಕಿಯ ಜೊತೆಗೆ ಬಂದ ದೀವಟಿಗೆಯೇ ಮುಖ್ಯ ಅತಿಥಿಯಾಗಿಬಿಟ್ಟಿತು. ಇಂದು ಈ ಕಿಂಡಿಯನ್ನು ಕೇಳಿದರೆ ಬಹುಮಂದಿ ಅದು ಚಾರ್ಜಿನ ಕಿಂಡಿ ಎಂದೇ ಹೇಳುತ್ತಾರೆ. ಅದರ ಮೂಲವೃತ್ತಿಯನ್ನು ಮರೆತಿದ್ದಾರೆ.

ಸಂದೇಶಕ್ಕೆ ಎರಡು ತಂತಿಗಳೇಕೆ?

ಸಂದೇಶವನ್ನು ಒಂದೇ ತಂತಿಯಲ್ಲಿ ಕಳುಹಿಸಬಾರದೆ, ಅದಕ್ಕೆ ಬಿಳಿ ಮತ್ತು ಹಸುರು ಎಂಬ ಜೋಡಿ ಏಕೆ ಎಂದು ವಾಚಕರು ಕೇಳಬಹುದು. ಕಂಪ್ಯೂಟರಿನ ಭಾಷೆಯಲ್ಲಿ ಹಾಡಾಗಲಿ ಚಿತ್ರವಾಗಲಿ 0 ಮತ್ತು 1 ಎಂಬ ಎರಡೇ ಅಂಕಗಳ ಉದ್ದನೆಯ ಸರಮಾಲೆ. ಒಂದೊಂದು ಅಂಕಕ್ಕೂ ಬಿಟ್ ಎಂದು ಹೆಸರು. ತಂತಿಯ ವಿಭವವನ್ನು ಏರಿಳಿಸಿ ಈ ಅಂಕಗಳನ್ನು ಸೂಚಿಸಬಹುದು. ಆದರೆ ತಂತಿಯ ನೆರೆಯಲ್ಲಿ ಫ್ಯಾನು, ಮೋಟಾರು, ದೀಪಗಳಿರುತ್ತವೆ. ಅವುಗಳ ವಿದ್ಯುತ್ ಕ್ಷೋಭೆ ನಮ್ಮ ತಂತಿಯ ವಿಭವವನ್ನೂ ಅಲುಗಿಸುತ್ತದೆ. ಆಗ 0 ಯಾವುದು, 1 ಯಾವುದು ಎಂದು ತಿಳಿಯುವುದು ಹೇಗೆ?

ಇದಕ್ಕೆ ಕಂಡುಕೊಂಡ ಉಪಾಯ ಸುಲಭವಾದುದು. ಒಂದೇ ದೋಣಿಯಲ್ಲಿ ಇಬ್ಬರು ಕುಳಿತಿರುವರೆಂದು ಭಾವಿಸೋಣ. ಅಲೆ ಬಂದಾಗ ಇಬ್ಬರೂ ಒಟ್ಟಿಗೆ ಮೇಲಕ್ಕೇರುವರು, ಒಟ್ಟಿಗೆ ಕೆಳಕ್ಕಿಳಿಯುವರು. ದಡದಲ್ಲಿ ನಿಂತವನಿಗೆ ಅವರ ಎತ್ತರ ಕ್ಷಣಕ್ಷಣಕ್ಕೂ ಬದಲಾದಂತೆ ಕಂಡರೂ, ಒಬ್ಬನಿಗಿಂತ ಇನ್ನೊಬ್ಬ ಎಷ್ಟು ಎತ್ತರ ಎಂಬುದು ಬದಲಾಗುವುದಿಲ್ಲ. ಬಿಳಿ, ಹಸುರು ತಂತಿಗಳು ಹೀಗೆ ಒಂದೇ ದೋಣಿಯ ಜೊತೆಗಾರರು. ಅವುಗಳಲ್ಲಿ ಒಂದರ ವಿಭವ ಏರಿದಾಗ ಇನ್ನೊಂದರದು ಇಳಿಯುವಂತೆ ಸಂದೇಶವನ್ನು ಕಳುಹಿಸುತ್ತಾರೆ. ಪಡೆಯುವ ಯಂತ್ರ ಎರಡರ ವ್ಯತ್ಯಾಸವನ್ನಷ್ಟೆ ಗಮನಿಸುತ್ತದೆ. ಹೊರಗಿನ ಕ್ಷೋಭೆ ಎರಡನ್ನೂ ಸಮನಾಗಿ ಅಲುಗಿಸುವುದರಿಂದ ವ್ಯತ್ಯಾಸ ಕೆಡುವುದಿಲ್ಲ. ಎರಡಕ್ಕೂ ಕ್ಷೋಭೆ ಸಮಪಾಲಾಗಿ ತಗಲಲಿ ಎಂಬುದಕ್ಕಾಗಿಯೇ ಅವೆರಡನ್ನೂ ಹಗ್ಗ ಹೊಸೆದಂತೆ ಒಂದಕ್ಕೊಂದು ಹೊಸೆದಿರುತ್ತಾರೆ.

ಇನ್ನು ವೇಗದ ಮಾತು. 1996ರ ಮೊದಲ ಪದ್ಧತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 1 ಕೋಟಿ 20 ಲಕ್ಷ ಬಿಟ್ಟುಗಳು ಸಾಗುತ್ತಿದ್ದುವು. 2000ದಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಅದು 48 ಕೋಟಿಗೆ ಏರಿತು. ಸೆಕೆಂಡಿಗೆ 48 ಕೋಟಿ ಎಂದರೆ ಒಂದು ಬಿಟ್ಟಿಗೆ ಸಿಕ್ಕುವ ಕಾಲ ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಎರಡು ಭಾಗವಷ್ಟೆ. ಅಷ್ಟು ಅಲ್ಪ ಕಾಲದಲ್ಲಿ ಬೆಳಕು ಸಹ ಸುಮಾರು ಎರಡು ಅಡಿ ಮಾತ್ರ ಮುಂದುವರಿಯಬಲ್ಲುದು. ಕೇಬಲ್ಲಿನೊಳಗೆ ಸಂಕೇತದ ವೇಗ ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲಿನಷ್ಟು ಎಂದು ಲೆಕ್ಕ ಹಿಡಿದರೆ, ಒಂದು ಮೀಟರು ಉದ್ದದ ಕೇಬಲ್ಲಿನಲ್ಲಿ ಒಂದೇ ಕಾಲಕ್ಕೆ ಎರಡು ಮೂರು ಬಿಟ್ಟುಗಳು ಇರುವೆಯ ಸಾಲಿನಂತೆ ಒಂದರ ಹಿಂದೆ ಒಂದು ನಡೆಯುತ್ತಿರುತ್ತವೆ ಎಂದಾಯಿತು. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಈ ಹಗ್ಗದಲ್ಲಿ ಇಷ್ಟೊಂದು ಗಡಿಬಿಡಿ ಇರುವುದೆಂದು ಯಾರು ಊಹಿಸುವರು?

ಎಂಟು ಬಿಟ್ಟುಗಳಿಗೆ ಒಂದು ಬೈಟು. ಲೆಕ್ಕದ ಪ್ರಕಾರ ಎರಡನೆಯ ಆವೃತ್ತಿಯಲ್ಲಿ ಸೆಕೆಂಡಿಗೆ 6 ಕೋಟಿ ಬೈಟುಗಳು ಸಾಗಬೇಕು. ಆದರೆ ಕೇಳುವುದು, ಒಪ್ಪುವುದು, ಪರೀಕ್ಷಿಸುವುದು ಇವುಗಳಿಗೆ ಸ್ವಲ್ಪ ಕಾಲ ಹಿಡಿಯುವುದರಿಂದ ವ್ಯವಹಾರದಲ್ಲಿ 3ರಿಂದ 4 ಕೋಟಿ ಸಾಗಿದರೆ ಅದೇ ದೊಡ್ಡದು. ಕೇಳುವುದು ಎಂದೆವಷ್ಟೆ? ಈ ಪದ್ಧತಿಯಲ್ಲಿ ಯಜಮಾನನೆಂದರೆ ಕಂಪ್ಯೂಟರು. ಕೇಬಲ್ಲನ್ನು ಸಿಕ್ಕಿಸಿದೊಡನೆ ಫೋನು ಒಂದು ಸಂದೇಶದ ತಂತಿಯನ್ನು 1.5 ಕಿಲೋ ಓಮ್ ರೋಧದ ಮೂಲಕ ಮೇಲಿನ ವಿಭವಕ್ಕೆ ಎಳೆದು ಹಿಡಿಯುತ್ತದೆ. ಬಾಗಿಲು ತಟ್ಟಿ “ಬಂದಿದ್ದೇನೆ” ಎಂದಂತೆ. ಆಗ ಕಂಪ್ಯೂಟರು ಅದಕ್ಕೆ ಒಂದು ಸಂಖ್ಯೆಯನ್ನು ಕೊಟ್ಟು, “ನೀನು ಯಾರು, ನಿನ್ನಿಂದ ಏನಾಗುತ್ತದೆ?” ಎಂದು ವಿಚಾರಿಸುತ್ತದೆ. ಮುಂದೆಯೂ ಕಂಪ್ಯೂಟರು ಕೇಳಿದಾಗಲಷ್ಟೆ ಫೋನು ಮಾತನಾಡಬೇಕು. ಫೈಲು 512 ಬೈಟುಗಳ ಕಟ್ಟುಗಳಾಗಿ ಹೊರಡುತ್ತದೆ. ಒಂದೊಂದು ಕಟ್ಟಿನ ಕೊನೆಗೂ ಒಳಗಿನ ಅಂಕಗಳಿಂದ ಗುಣಿಸಿ ತೆಗೆದ ಒಂದು ತಾಳೆಯ ಸಂಖ್ಯೆ ಇರುತ್ತದೆ. ಪಡೆದ ಯಂತ್ರ ತಾನೂ ಲೆಕ್ಕ ಮಾಡಿ, ತಾಳೆಯಾದರೆ “ಬಂತು” ಎನ್ನುತ್ತದೆ, ತಪ್ಪಿದರೆ ಸುಮ್ಮನಿರುತ್ತದೆ. ಮೌನವನ್ನು ಕಂಡ ಕಳುಹಿಸುವ ಯಂತ್ರ ಅದೇ ಕಟ್ಟನ್ನು ಮತ್ತೆ ಕಳುಹಿಸುತ್ತದೆ. 60 ಲಕ್ಷ ಬೈಟುಗಳ ಒಂದು ಹಾಡು ಈ ರೀತಿ ಸುಮಾರು 12,000 ಕಟ್ಟುಗಳಾಗಿ ಪ್ರಯಾಣ ಮಾಡಿ, ಆಚೆಯ ದಡದಲ್ಲಿ ಒಂದು ಸ್ವರವೂ ಕೆಡದೆ ಕೂಡಿಕೊಳ್ಳುತ್ತದೆ.

ಬಾಗಿಲ ಮುಂದಿನ ಕಸ

ನಾಲ್ಕು ತಂತಿಗಳುಳ್ಳ ಒಳ್ಳೆಯ ಕೇಬಲ್ಲನ್ನು ತಂದು ಸಹಾಯಕರ ಫೋನಿಗೆ ಸಿಕ್ಕಿಸಿದೆವು. ಈ ಬಾರಿ ಚಾರ್ಜಿನ ಗುರುತು ಒಂದು ಕ್ಷಣ ಬಂದು ಇನ್ನೊಂದು ಕ್ಷಣ ಹೋಗತೊಡಗಿತು! ಗಮನವಿಟ್ಟು ನೋಡಿದರೆ ಕೇಬಲ್ಲಿನ ತುದಿ ಕಿಂಡಿಯೊಳಗೆ ಪೂರ್ತಿ ಇಳಿದಿರಲಿಲ್ಲ. ಕೂದಲೆಳೆಯಷ್ಟು ಹೊರಗೆ ಉಳಿದಿತ್ತು. ಪ್ರಯೋಗಶಾಲೆಯ ಭೂತಕನ್ನಡಿಯಿಂದ ಇಣುಕಿದಾಗ ಕಾರಣ ತಿಳಿಯಿತು. ವರ್ಷಗಟ್ಟಲೆ ಅಂಗಿಯ ಜೇಬಿನಲ್ಲಿದ್ದ ಫೋನಿನ ಕಿಂಡಿಗೆ ಬಟ್ಟೆಯ ನವಿರು ಸೇರಿಕೊಂಡಿದೆ. ಕೇಬಲ್ಲನ್ನು ಸಿಕ್ಕಿಸಿದಾಗಲೆಲ್ಲ ಅದು ಅದುಮಿ ಅದುಮಿ ತಳದಲ್ಲಿ ಗಟ್ಟಿಯಾದ ಬಿಲ್ಲೆಯಾಗಿದೆ.

ಈ ಬಿಲ್ಲೆ ಸಂದೇಶಕ್ಕೆ ಹೆಚ್ಚು ಕೇಡು ಮಾಡುವುದಕ್ಕೆ ಒಂದು ಕಾರಣವಿದೆ. ಕಂಪ್ಯೂಟರಿನ ಬದಿಗೆ ಸಿಕ್ಕಿಸುವ ಅಗಲವಾದ ತುದಿಯನ್ನು ನೋಡಿದವರಿಗೆ ತಿಳಿದೀತು: ಅದರ ನಾಲ್ಕು ಲೋಹಪಟ್ಟಿಗಳಲ್ಲಿ ಅಂಚಿನ ಎರಡು ಉದ್ದ, ನಡುವಿನ ಎರಡು ಗಿಡ್ಡ. ಅಂಚಿನವು ವಿದ್ಯುಚ್ಛಕ್ತಿಯವು, ನಡುವಿನವು ಸಂದೇಶದವು. ಮೊದಲು ಶಕ್ತಿ ಕೂಡಿಕೊಂಡು ಯಂತ್ರ ಸಿದ್ಧವಾಗಲಿ, ಅನಂತರ ಮಾತು ಆರಂಭವಾಗಲಿ ಎಂದು ಬೇಕೆಂದೇ ಹೀಗೆ ಮಾಡಿದ್ದಾರೆ. ಅರ್ಧ ಇಳಿದ ತುದಿಯಲ್ಲಿ ಶಕ್ತಿ ಕೂಡಿ, ಸಂದೇಶ ಕೂಡದೆ ಉಳಿಯಬಹುದು. ಅಲ್ಲದೆ ಚಾರ್ಜು ಮಾಡುವಾಗ ಸಂಪರ್ಕ ಒಂದು ಗಳಿಗೆ ತಪ್ಪಿದರೂ ನಷ್ಟವಿಲ್ಲ; ನೀರು ತುಂಬುವಾಗ ನಲ್ಲಿ ಒಮ್ಮೆ ನಿಂತು ಬಂದಂತೆ. ಮಾತಿನ ನಡುವೆ ಸಂಪರ್ಕ ತಪ್ಪಿದರೆ ಮಾತೇ ಮುರಿದುಬೀಳುತ್ತದೆ.

ಫೋನನ್ನು ಆರಿಸಿ, ಮರದ ಹಲ್ಲುಕಡ್ಡಿಯ ತುದಿಯಿಂದ ಆ ಬಿಲ್ಲೆಯನ್ನು ಮೆಲ್ಲನೆ ಎಬ್ಬಿಸಿ ತೆಗೆದೆವು. ಇಲ್ಲಿ ಸೂಜಿ, ಗುಂಡುಸೂಜಿಗಳನ್ನು ಬಳಸಲೇಬಾರದು. ಲೋಹದ ಮೊನೆ ಪಕ್ಕಪಕ್ಕದ ಸಂಪರ್ಕಗಳನ್ನು ಕೂಡಿಸಿಬಿಡಬಹುದು, ಇಲ್ಲವೆ ಅವುಗಳನ್ನು ಬಾಗಿಸಬಹುದು. ಅನಂತರ ಕೇಬಲ್ಲು ‘ಟಕ್’ ಎಂದು ಕುಳಿತಿತು.

ಒಪ್ಪಿಗೆ ಎಂಬ ಮೂರನೆಯ ಬೀಗ

ಇಷ್ಟಾದರೂ ಕಂಪ್ಯೂಟರಿನಲ್ಲಿ ಫೋನಿನ ಹೆಸರು ಕಾಣಿಸಿತೇ ಹೊರತು ಅದನ್ನು ತೆರೆದರೆ ಒಳಗೆ ಬರಿದು! ಸಹಾಯಕರ ಮುಖ ಸಣ್ಣದಾಯಿತು. ಹಾಡುಗಳು ಹೋಗಿರಲಿಲ್ಲ, ಫೋನು ಅವರ ಒಪ್ಪಿಗೆಗಾಗಿ ಕಾಯುತ್ತಿತ್ತು ಅಷ್ಟೆ.

ಹಿಂದೆ ಹೀಗಿರಲಿಲ್ಲ. ಮೊದಲಿನ ಆಂಡ್ರಾಯ್ಡ್ ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸಿದಾಗ ಅವು ತಮ್ಮ ಉಗ್ರಾಣದ ಬೀಗದ ಕೈಯನ್ನೇ ಕಂಪ್ಯೂಟರಿಗೆ ಒಪ್ಪಿಸಿಬಿಡುತ್ತಿದ್ದುವು. ಒಂದೇ ಉಗ್ರಾಣವನ್ನು ಇಬ್ಬರು ಯಜಮಾನರು ಏಕಕಾಲದಲ್ಲಿ ಆಳಿದರೆ ಲೆಕ್ಕ ಕೆಡುವುದು ಖಂಡಿತ. ಆದುದರಿಂದ ಅಷ್ಟು ಹೊತ್ತು ಫೋನೇ ಹೊರಗೆ ನಿಲ್ಲಬೇಕಾಗುತ್ತಿತ್ತು. 2011ರಿಂದ ಆಂಡ್ರಾಯ್ಡ್ ಈ ಕ್ರಮವನ್ನು ಬಿಟ್ಟು, ಮೀಡಿಯಾ ಟ್ರಾನ್ಸ್‌ಫರ್ ಪ್ರೋಟೋಕಾಲ್ ಎಂಬ ಕ್ರಮಕ್ಕೆ ಬದಲಾಯಿತು. ಇದು ಗ್ರಂಥಾಲಯದಂತೆ. ಓದುಗನು ಕಪಾಟಿಗೆ ಕೈಹಾಕುವಂತಿಲ್ಲ. ಚೀಟಿ ಕೊಟ್ಟರೆ ಗ್ರಂಥಪಾಲಕ ಒಳಗೆ ಹೋಗಿ ಪುಸ್ತಕ ತಂದುಕೊಡುತ್ತಾನೆ. ಫೋನೇ ಆ ಗ್ರಂಥಪಾಲಕ. ಒಂದು ದೊಡ್ಡ ಚಲನಚಿತ್ರ ಬೇಗ ಬಂದು, ಅಷ್ಟೇ ತೂಕದ ಸಾವಿರಾರು ಸಣ್ಣ ಚಿತ್ರಗಳು ನಿಧಾನವಾಗಿ ಬರುವುದೇಕೆಂದು ಬೇಸರಪಡುವವರು ಇದನ್ನು ನೆನೆಯಬೇಕು. ಒಂದೊಂದು ಪುಸ್ತಕಕ್ಕೂ ಒಂದೊಂದು ಚೀಟಿ! ಮ್ಯಾಕ್ ಕಂಪ್ಯೂಟರಿಗೆ ಈ ಭಾಷೆ ತಾನಾಗಿ ಬಾರದು. ಅದಕ್ಕೆ ಬೇರೆ ತಂತ್ರಾಂಶದ ನೆರವು ಬೇಕು.

ಗ್ರಂಥಪಾಲಕನನ್ನು ನೇಮಿಸಿದರೆ ಸಾಲದು, ಬಾಗಿಲಿಗೆ ಕಾವಲೂ ಬೇಕು ಎಂಬುದು ಬೇಗನೆ ತಿಳಿಯಿತು. ಅದೇ 2011ರಲ್ಲಿ ಅಮೆರಿಕದ ಲಾಸ್ ವೇಗಸ್ಸಿನಲ್ಲಿ ನಡೆದ ಡೆಫ್‌ಕಾನ್ ಸಮ್ಮೇಳನದಲ್ಲಿ ಕೆಲವರು ಉಚಿತವಾಗಿ ಚಾರ್ಜು ಮಾಡುವ ಪೆಟ್ಟಿಗೆಯೊಂದನ್ನು ಇಟ್ಟರು. ಫೋನು ಸಿಕ್ಕಿಸಿದವರಿಗೆ ಅದರ ಪರದೆ ಒಂದು ಎಚ್ಚರಿಕೆಯನ್ನು ತೋರಿಸುತ್ತಿತ್ತು: ಗುರುತಿಲ್ಲದ ಕಿಂಡಿಗೆ ಫೋನನ್ನು ಒಪ್ಪಿಸಿದರೆ ಒಳಗಿನ ಸಂಗತಿಗಳನ್ನು ಕದಿಯಬಹುದು ಎಂದು. ವಿದ್ಯುತ್ತಿನ ನೆಪದಲ್ಲಿ ಸಂದೇಶದ ತಂತಿಯಿಂದ ನುಗ್ಗುವ ಈ ಕಳ್ಳತನಕ್ಕೆ ಜ್ಯೂಸ್ ಜ್ಯಾಕಿಂಗ್ ಎಂಬ ಹೆಸರು ಬಂದಿತು. 2013ರಿಂದ ಐಫೋನುಗಳು “ಈ ಕಂಪ್ಯೂಟರನ್ನು ನಂಬುವೆಯಾ?” ಎಂದು ಕೇಳತೊಡಗಿದುವು. 2015ರ ಆಂಡ್ರಾಯ್ಡ್ ಆರನೆಯ ಆವೃತ್ತಿಯಿಂದ ಕೇಬಲ್ಲು ಜೋಡಿಸಿದಾಗ ಫೋನು ಮೊದಲಿಗೆ ಚಾರ್ಜನ್ನು ಮಾತ್ರ ಸ್ವೀಕರಿಸುತ್ತದೆ. ಫೈಲು ಬೇಕಿದ್ದರೆ ಯಜಮಾನ ಬೀಗ ತೆಗೆದು ಹೇಳಬೇಕು.

ನಾವು ಮಾಡಬೇಕಾದುದೂ ಅಷ್ಟೆ. ಸಹಾಯಕರು ತಮ್ಮ ಗುಪ್ತಸಂಖ್ಯೆಯನ್ನು ಒತ್ತಿ ಪರದೆಯನ್ನು ತೆರೆದರು. ಪರದೆಯ ಮೇಲಂಚಿನಿಂದ ಬೆರಳನ್ನು ಕೆಳಕ್ಕೆ ಎಳೆದಾಗ ಯು.ಎಸ್.ಬಿ. ಎಂಬ ಸೂಚನೆ ಕಾಣಿಸಿತು. ಅದನ್ನು ಮುಟ್ಟಿ, ‘ಫೈಲ್ ವರ್ಗಾವಣೆ’ ಎಂಬುದನ್ನು ಆರಿಸಿದೆವು. ಕಂಪ್ಯೂಟರಿನ ಬರಿದಾದ ಕಿಟಕಿಯಲ್ಲಿ ಸಾಲುಸಾಲಾಗಿ ಹಾಡುಗಳ ಹೆಸರುಗಳು ಮೂಡಿದುವು. ಎರಡು ವರ್ಷಗಳಿಂದ ಹೊರಬರಲಾರದ ಹಾಡುಗಳೆಲ್ಲ ಕಂಪ್ಯೂಟರಿಗೆ ಬರಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಶಕ್ತಿಯ ಲೆಕ್ಕ

ಸಂದೇಶದ ದಾರಿ ಹೀಗಾಯಿತು. ಶಕ್ತಿಯ ದಾರಿಯಲ್ಲಿಯೂ ಮಾತುಕತೆ ಇಲ್ಲದಿಲ್ಲ. ಚಾರ್ಜರು ಎಷ್ಟು ವಿದ್ಯುತ್ತನ್ನು ಕೊಡಬಲ್ಲುದೆಂದು ಫೋನಿಗೆ ತಿಳಿಯಬೇಡವೆ? ಹಳೆಯ ಪದ್ಧತಿಯಲ್ಲಿ ಗೋಡೆಯ ಚಾರ್ಜರು ತನ್ನೊಳಗೆ ಬಿಳಿ, ಹಸುರು ತಂತಿಗಳನ್ನು ಒಂದಕ್ಕೊಂದು ಕೂಡಿಸಿಟ್ಟಿರುತ್ತದೆ. ಅದನ್ನು ಕಂಡ ಫೋನು, ಇದು ಕಂಪ್ಯೂಟರಲ್ಲ, ಚಾರ್ಜರು, ಧಾರಾಳವಾಗಿ ಎಳೆಯಬಹುದು ಎಂದು ತಿಳಿಯುತ್ತದೆ. ಆ ತಂತಿಗಳೇ ಇಲ್ಲದ ಕೇಬಲ್ಲಿನಲ್ಲಿ ಫೋನಿಗೆ ಈ ಗುರುತು ಸಿಕ್ಕದಿದ್ದರೆ ಅದು ಸಂಕೋಚದಿಂದ ಸ್ವಲ್ಪಸ್ವಲ್ಪವೇ ಎಳೆಯುತ್ತದೆ. ತಮ್ಮ ಫೋನು ತುಂಬಲು ಇಡೀ ರಾತ್ರಿ ಬೇಕಾಗುತ್ತಿತ್ತೆಂದು ಸಹಾಯಕರು ಹೇಳಿದುದಕ್ಕೆ ಇದೂ ಒಂದು ಕಾರಣವಿರಬೇಕು.

ತಂತಿಯ ದಪ್ಪವೂ ಮುಖ್ಯ. 0.32 ಮಿಲಿಮೀಟರು ವ್ಯಾಸದ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.21 ಓಮ್. ಒಂದು ಮೀಟರು ಕೇಬಲ್ಲಿನಲ್ಲಿ ಪ್ರವಾಹ ಹೋಗಿ ಬರಬೇಕಾದುದರಿಂದ ಒಟ್ಟು ರೋಧ 0.42 ಓಮ್. 18 ವ್ಯಾಟು ಶಕ್ತಿಯನ್ನು 5 ವೋಲ್ಟಿನಲ್ಲಿ ಕಳುಹಿಸಲು 3.6 ಆಂಪಿಯರು ಬೇಕು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ದಾರಿಯಲ್ಲಿ ಕಾವಾಗಿ ಹೋಗುವ ಶಕ್ತಿ ಸುಮಾರು 5.4 ವ್ಯಾಟು, ಅಂದರೆ ಹೆಚ್ಚುಕಡಮೆ ಮೂರನೆಯ ಒಂದು ಪಾಲು! ಅದೇ ಶಕ್ತಿಯನ್ನು 9 ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ 2 ಆಂಪಿಯರಿಗೆ ಇಳಿದು, ನಷ್ಟ 1.7 ವ್ಯಾಟಾಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ ವೋಲ್ಟೇಜನ್ನು ಏರಿಸಿ ಕಳುಹಿಸಿದುದೂ ಇದೇ ತತ್ತ್ವದ ಮೇಲೆ. ಇಂದಿನ ವೇಗದ ಚಾರ್ಜರುಗಳು ಆ ಹಳೆಯ ಪಾಠವನ್ನು ಮೇಜಿನ ಮೇಲೆ ಒಪ್ಪಿಸುತ್ತಿವೆ.

ಒಂದೇ ಮುಖ, ಹಲವು ಗುಣ

2014ರ ಆಗಸ್ಟಿನಲ್ಲಿ ಪ್ರಕಟವಾದ ಸಿ ಮಾದರಿಯ ಕಿಂಡಿ ಈ ಮಾತುಕತೆಯನ್ನು ಇನ್ನೂ ಮುಂದಕ್ಕೆ ಒಯ್ದಿದೆ. ಸುಮಾರು 8.3 ಮಿಲಿಮೀಟರು ಅಗಲ, 2.5 ಮಿಲಿಮೀಟರು ಎತ್ತರದ ಆ ಬಾಯಿಯಲ್ಲಿ 12ರಂತೆ ಎರಡು ಸಾಲುಗಳಲ್ಲಿ 24 ಸಂಪರ್ಕಗಳಿವೆ. ಮೇಲುಕೆಳಗು ಎಂಬ ಭೇದವಿಲ್ಲದೆ ಹೇಗೆ ಬೇಕಾದರೂ ಸಿಕ್ಕಿಸಬಹುದು. ಮುಖ್ಯವಾದ ಸಂಗತಿಯೆಂದರೆ, ಇದರಲ್ಲಿ ಒಡಂಬಡಿಕೆಗೆಂದೇ ಬೇರೆ ಸಂಪರ್ಕವಿದೆ. ಫೋನು ಅಲ್ಲಿ 5.1 ಕಿಲೋ ಓಮ್ ರೋಧವೊಂದನ್ನು ಇಟ್ಟುಕೊಂಡಿರುತ್ತದೆ. ಸಿ ಮಾದರಿಯ ಚಾರ್ಜರು ಆ ರೋಧವನ್ನು ಕಾಣುವವರೆಗೆ ವಿದ್ಯುತ್ತನ್ನೇ ಬಿಡುವುದಿಲ್ಲ. ಕಂಡ ಮೇಲೆ ಮೊದಲು 5 ವೋಲ್ಟು. ಅನಂತರ ಅದೇ ತಂತಿಯಲ್ಲಿ ಸಂದೇಶಗಳನ್ನು ವಿನಿಮಯ ಮಾಡಿಕೊಂಡು 9, 15, 20 ವೋಲ್ಟುಗಳಿಗೆ ಏರಬಹುದು. 2021ರ ನಿಯಮದಂತೆ 48 ವೋಲ್ಟು, 5 ಆಂಪಿಯರು, ಅಂದರೆ 240 ವ್ಯಾಟುಗಳವರೆಗೂ ಅವಕಾಶವುಂಟು. 3 ಆಂಪಿಯರನ್ನು ಮೀರಿದರೆ ಕೇಬಲ್ಲಿನ ತುದಿಯಲ್ಲಿ ಹುದುಗಿಸಿದ ಸಣ್ಣ ಚಿಪ್ಪು “ನಾನು ಇಷ್ಟನ್ನು ಹೊರಬಲ್ಲೆ” ಎಂದು ಸಾಕ್ಷಿ ಹೇಳಬೇಕು.

ಈ ಕಿಂಡಿಗೆ ಕಾನೂನಿನ ಬೆಂಬಲವೂ ದೊರೆತಿದೆ. ಐರೋಪ್ಯ ಒಕ್ಕೂಟ 2022ರಲ್ಲಿ ಅಂಗೀಕರಿಸಿದ ನಿರ್ದೇಶನದ ಪ್ರಕಾರ 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರಾಟಕ್ಕೆ ಬರುವ ಹೊಸ ಫೋನುಗಳಿಗೆ ಸಿ ಮಾದರಿಯ ಕಿಂಡಿ ಇರಲೇಬೇಕು. 2012ರಿಂದ ಲೈಟ್ನಿಂಗ್ ಎಂಬ ತನ್ನದೇ ಕಿಂಡಿಯನ್ನು ಬಳಸುತ್ತಿದ್ದ ಆಪಲ್ ಕಂಪನಿಯೂ 2023ರ ಐಫೋನಿನಲ್ಲಿ ಇದಕ್ಕೆ ಬದಲಾಯಿತು. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋ ಕೂಡ ಈ ಮಾದರಿಗೆ ಮಾನಕವನ್ನು ಪ್ರಕಟಿಸಿದೆ. ಮನೆಗೆ ಒಂದೇ ಚಾರ್ಜರು ಸಾಕೆಂಬುದು, ಕಸದ ರಾಶಿ ಕಡಮೆಯಾಗುವುದೆಂಬುದು ಸಂತೋಷದ ಮಾತೇ ಸರಿ.

ಆದರೆ ಮುಖ ಒಂದಾದ ಮಾತ್ರಕ್ಕೆ ಗುಣ ಒಂದಾಗುವುದಿಲ್ಲ. 2023ರ ಸಾಮಾನ್ಯ ಐಫೋನು 15ಕ್ಕೂ ಅದರ ಪ್ರೊ ಮಾದರಿಗೂ ಕಿಂಡಿಯ ಆಕಾರ ಒಂದೇ. ಆದರೆ ಮೊದಲನೆಯದರಲ್ಲಿ ಸಂದೇಶ 2000ದ ಹಳೆಯ ವೇಗದಲ್ಲಿ, ಸೆಕೆಂಡಿಗೆ 48 ಕೋಟಿ ಬಿಟ್ಟುಗಳಂತೆ ಸಾಗಿದರೆ, ಎರಡನೆಯದರಲ್ಲಿ ತಕ್ಕ ಕೇಬಲ್ಲಿದ್ದಾಗ 1,000 ಕೋಟಿ ಬಿಟ್ಟುಗಳವರೆಗೆ ಸಾಗಬಲ್ಲುದು. ಕೇಬಲ್ಲುಗಳೂ ಹಾಗೆಯೇ. 240 ವ್ಯಾಟು ಹೊರುವ ದಪ್ಪ ಕೇಬಲ್ಲು ಸಂದೇಶದಲ್ಲಿ ಆಮೆಯಾಗಿರಬಹುದು. ಆದುದರಿಂದ ಕೊಳ್ಳುವಾಗ ಬಣ್ಣ, ಹೆಣಿಗೆಗಳನ್ನು ನೋಡದೆ, ಎಷ್ಟು ವ್ಯಾಟು, ಎಷ್ಟು ವೇಗ ಎಂಬ ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ವಿಚಾರಿಸಬೇಕು.

ವಾಚಕರಿಗೆ ಎರಡು ಮಾತು

ಫೋನು ಚಾರ್ಜಾಗುತ್ತಿದೆ, ಕಂಪ್ಯೂಟರಿಗೆ ಕಾಣುತ್ತಿಲ್ಲ ಎಂದಾಗ ಹೌಹಾರಬೇಕಾಗಿಲ್ಲ. ಮೊದಲು ಕೇಬಲ್ಲನ್ನು ಬದಲಿಸಿ ನೋಡಬೇಕು. ಅನಂತರ ಕಿಂಡಿಯ ಕಸವನ್ನು. ಕೊನೆಗೆ ಪರದೆಯ ಮೇಲಿನ ಒಪ್ಪಿಗೆಯನ್ನು. ಫಲಕ ಬದಲಾಯಿಸುವ ಮಾತು ಇವು ಮೂರೂ ಮುಗಿದ ಮೇಲೆ.

ಹಾಗಾದರೆ ಎರಡು ತಂತಿಯ ಕೇಬಲ್ಲು ಕೇವಲ ನಿಷ್ಪ್ರಯೋಜಕವೆ? ಅಲ್ಲ. ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ಗುರುತಿಲ್ಲದ ಕಿಂಡಿಗಳಿಗೆ ಫೋನನ್ನು ಸಿಕ್ಕಿಸಬೇಕಾಗಿ ಬಂದರೆ ಅದಕ್ಕಿಂತ ಒಳ್ಳೆಯ ಜೊತೆಗಾರನಿಲ್ಲ. ಸಂದೇಶದ ತಂತಿಯೇ ಇಲ್ಲದ ಮೇಲೆ ಕಳ್ಳನು ಬರುವುದೆಲ್ಲಿಂದ? ಇಂಥ ಕಿಂಡಿಗಳ ಅಪಾಯವನ್ನು ಭಾರತೀಯ ರಿಜರ್ವ್ ಬ್ಯಾಂಕು 2022ರಲ್ಲಿ ಪ್ರಕಟಿಸಿದ ಎಚ್ಚರಿಕೆಯ ಪುಸ್ತಿಕೆಯಲ್ಲಿಯೂ ಹೇಳಿದೆ. ಮನೆಯಲ್ಲಿ ನಮ್ಮನ್ನು ಕಾಡಿದ ಕೊರತೆಯೇ ಪ್ರಯಾಣದಲ್ಲಿ ರಕ್ಷೆಯಾಗುತ್ತದೆ. ಯಾವುದು ಶಕ್ತಿಯ ದಾರಿ, ಯಾವುದು ಸಂದೇಶದ ದಾರಿ ಎಂಬುದನ್ನು ಬಲ್ಲವನಿಗೆ ಎರಡರಿಂದಲೂ ಉಪಯೋಗವುಂಟು.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾಗದು. ಸಹಾಯಕರ ಫೋನಿನ ಪರದೆ ಸರಿಯಾಗಿತ್ತು. ಆದುದರಿಂದ ಅವರು ಒಪ್ಪಿಗೆ ಕೊಡಬಹುದಾಯಿತು. ಪರದೆ ಒಡೆದು ಕುರುಡಾಗಿದ್ದರೆ ಒಳ್ಳೆಯ ಕೇಬಲ್ಲೂ ಶುಚಿಯಾದ ಕಿಂಡಿಯೂ ಇದ್ದು ಪ್ರಯೋಜನವಿರುತ್ತಿರಲಿಲ್ಲ. ಕಳ್ಳನನ್ನು ತಡೆಯುವ ಬೀಗ ಯಜಮಾನನನ್ನೂ ತಡೆಯಬಲ್ಲುದು. ಮನೆಯ ಮದುವೆಯ ಚಿತ್ರಗಳು, ಮಗುವಿನ ಮೊದಲ ಮಾತು, ಅಗಲಿದವರ ದನಿ ಇವೆಲ್ಲಕ್ಕೆ ಅಂಗೈಯಗಲದ ಯಂತ್ರವೊಂದನ್ನೇ ನಂಬಿ ಕುಳಿತವರು ಬಾಗಿಲು ತೆರೆದಿರುವಾಗಲೇ ಪ್ರತಿ ತೆಗೆದಿಟ್ಟುಕೊಳ್ಳುವುದು ಲೇಸು.

ಸಹಾಯಕರು ಆ ದಿನ ಹಾಡುಗಳ ಎರಡು ಪ್ರತಿಗಳನ್ನು ಮಾಡಿಸಿಕೊಂಡರು. ಒಂದು ತಮಗೆ, ಒಂದು ಊರಿನಲ್ಲಿರುವ ತಂಗಿಗೆ. ಹೊರಡುವ ಮುನ್ನ ಕಂಪ್ಯೂಟರಿನಲ್ಲಿ ಒಂದು ಹಾಡನ್ನು ಹಾಕಿ ಕೇಳಿದರು. ಬೀಸುವ ಕಲ್ಲಿನ ಸದ್ದಿನ ನಡುವೆ ತಾಯಿಯ ದನಿ ಸ್ಪಷ್ಟವಾಗಿತ್ತು. ಕತ್ತರಿಸಿದ ಆ ಎರಡು ತಂತಿಯ ಕೇಬಲ್ಲನ್ನು ನಾವು ಎಸೆದಿಲ್ಲ; ನಾಲ್ಕು ತಂತಿಯದರ ಪಕ್ಕದಲ್ಲಿ ಒಂದು ಹಲಗೆಗೆ ಅಂಟಿಸಿ, ವಿದ್ಯಾರ್ಥಿಗಳು ನೋಡಲೆಂದು ಪ್ರಯೋಗಶಾಲೆಯ ಗೋಡೆಗೆ ತೂಗುಹಾಕಿದ್ದೇವೆ.